ಸೊನ್ನೆಯಿಂದ ಶುರುವಾಗಬಹುದಾ?

ದೊಡ್ಡಪ್ಪ: ಎಲ್ಲರಿಗೂ ಒಂದು ಅಂಕಿಗಳ ಪದಬಂಧ. ನಾನೇ ಕೂತು ಕಟ್ಟಿದ್ದು. ಮೂರು ಸಾಲು, ಸಾಲಿಗೆ ಮೂರು ಮನೆ. ಮಧ್ಯದ ಮನೆ ಕಪ್ಪು. ಮೇಲಿನ ಎಡಮೂಲೆ 1, ಮೇಲಿನ ಬಲಮೂಲೆ 2, ಕೆಳಗಿನ ಎಡಮೂಲೆ 3. ಒಂದು ಮನೆಗೆ ಒಂದು ಅಂಕಿ.
ಎಡದಿಂದ ಬಲಕ್ಕೆ: 1. ವರ್ಗ ಸಂಖ್ಯೆ. 3. ಘನ ಸಂಖ್ಯೆ.
ಮೇಲಿನಿಂದ ಕೆಳಕ್ಕೆ: 1. ವರ್ಗ ಸಂಖ್ಯೆ. 2. ವರ್ಗ ಸಂಖ್ಯೆ.
ಸುಳಿವು ಇಷ್ಟೇ. ಇಷ್ಟೇ ಸಾಕು.

ಕಿರಣ: ದೊಡ್ಡಪ್ಪ, ಇದು ಅನ್ಯಾಯ. ಸುಳಿವಿನಲ್ಲಿ ಒಂದೂ ಅಂಕಿ ಇಲ್ಲ. ಮೂರಂಕಿಯ ವರ್ಗಗಳೇ 22 ಇವೆ. 10ರ ವರ್ಗದಿಂದ 31ರ ವರ್ಗದವರೆಗೆ. ಯಾವುದು ಅಂತ ಹಾಕಲಿ? ಬರೆದು ಒರೆಸಿ, ಬರೆದು ಒರೆಸಿ, ಕಾಗದವೇ ಹರಿದುಹೋಯಿತು.

ನಾನು: ಕಿರಣ, ನೀನು 1ರಿಂದ ಶುರು ಮಾಡಿದ್ದೀಯ ಅಲ್ವಾ? ಇದರಲ್ಲಿ ಆಯ್ಕೆ ಎಲ್ಲಿ ಕಡಿಮೆಯೋ ಅಲ್ಲಿಂದ ಹೊರಡಬೇಕು. ಮೂರಂಕಿಯ ಘನಗಳು ಐದೇ ಐದು: 125, 216, 343, 512, 729. ಈಗ ಕೆಳಗಿನ ಎಡಮೂಲೆ ನೋಡು. ಘನದ ಮೊದಲ ಅಂಕಿ ಅಲ್ಲಿದೆ. ಮೇಲಿನಿಂದ ಇಳಿದು ಬರುವ ವರ್ಗ ಮುಗಿಯುವುದೂ ಅಲ್ಲೇ. ವರ್ಗ ಸಂಖ್ಯೆ ಯಾವತ್ತೂ 2, 3, 7, 8ರಲ್ಲಿ ಮುಗಿಯುವುದಿಲ್ಲ. ಹಾಗಾಗಿ 216, 343, 729 ಹೋದವು. 512 ಹಾಕಿದರೆ ಬಲಮೂಲೆಗೆ 2 ಬರುತ್ತದೆ. ಅಲ್ಲಿ ಮುಗಿಯುವುದೂ ಒಂದು ವರ್ಗ. ಅದೂ ಹೋಯಿತು. ಕೆಳಗಿನ ಸಾಲು 125. ಒಂದು ಸಲವೂ ಒರೆಸದೆ ಸಿಕ್ಕಿತು ನೋಡು. ಮುಂದಿನದು ಹೇಳುವುದಿಲ್ಲ, ನೀನೇ ಮಾಡು.

ಅತ್ತೆ: ನಾನೂ ಅಲ್ಲಿಂದಲೇ ಹೊರಟೆ. ಅಣ್ಣಾ, ತುಂಬಾ ಚೆನ್ನಾಗಿ ಕಟ್ಟಿದ್ದೀಯ. ನಾಲ್ಕೂ ಮೂಲೆ ಒಂದನ್ನೊಂದು ಹಿಡಿದುಕೊಂಡಿವೆ.

ಸ್ಮಿತಾ: ಅಪ್ಪಾ, ಒಂದು ಚಿಕ್ಕ ಪ್ರೋಗ್ರಾಮ್ ಬರೆದು ನೋಡಿದೆ. ಉತ್ತರ ಒಂದೇ ಅಲ್ಲ. ಮೇಲಿನ ಸಾಲು 144. ಎಡಗಡೆ ಕೆಳಕ್ಕೆ 100. ಬಲಗಡೆ ಕೆಳಕ್ಕೆ 441. ಕೆಳಗಿನ ಸಾಲು 001. 12, 10, 21, ಈ ಮೂರೂ ಸಂಖ್ಯೆಗಳ ವರ್ಗ ಸರಿ. 1 ಅನ್ನುವುದು 1ರ ಘನ.

ದೊಡ್ಡಪ್ಪ: 001 ಒಂದು ಸಂಖ್ಯೆಯಾ? ಸಂಖ್ಯೆ ಸೊನ್ನೆಯಿಂದ ಶುರುವಾಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ಸ್ಮಿತಾ: ಬೀಗದ ನಂಬರ್ 001 ಇರಬಹುದಲ್ಲಾ? ಮನೆಗೊಂದು ಅಂಕಿ ಅಂತ ನೀವೇ ಬರೆದಿದ್ದೀರಿ. ಸೊನ್ನೆಯೂ ಅಂಕಿಯೇ.

ಕಿರಣ: ನೋಡಿ, ಅನ್ಯಾಯ ಅಂತ ನಾನು ಆಗಲೇ ಹೇಳಿದೆ!

ನಾನು: ಇಲ್ಲ ಕಿರಣ, ಎರಡೂ ಬೇರೆ ಬೇರೆ ಮಾತು. ಸುಳಿವಿನಲ್ಲಿ ಅಂಕಿ ಇಲ್ಲ ಅನ್ನುವುದು ಕಷ್ಟ. ಅದು ಅನ್ಯಾಯ ಅಲ್ಲ. ಇಂಥದ್ದನ್ನು ಬಿಡಿಸುವ ಖುಷಿಯೇ ಅದರಲ್ಲಿದೆ. ಆದರೆ ದೊಡ್ಡಪ್ಪ, ಸೊನ್ನೆಯ ವಿಷಯದಲ್ಲಿ ನಾನು ಸ್ಮಿತಾ ಕಡೆ. ನೀವು ಮನಸ್ಸಿನಲ್ಲಿಟ್ಟುಕೊಂಡ ನಿಯಮ ಬಿಡಿಸುವವರಿಗೆ ಹೇಗೆ ಗೊತ್ತಾಗಬೇಕು? ಯಾರೋ 144 ಹಾಕಿ, ನಾಲ್ಕೂ ಸುಳಿವು ಹೊಂದಿಸಿ ಕಳಿಸಿದರೆ, ತಪ್ಪು ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ದೊಡ್ಡಪ್ಪ: ಇಂಗ್ಲೆಂಡಿನ ಲಿಸನರ್ ಅನ್ನುವ ವಾರಪತ್ರಿಕೆಯ ಪದಬಂಧ 1930ರಿಂದ ಇದೆ. ಆ ವಾರಪತ್ರಿಕೆ 1991ರಲ್ಲಿ ನಿಂತ ಮೇಲೂ ಪದಬಂಧ ನಿಲ್ಲಲಿಲ್ಲ, ಟೈಮ್ಸ್ ಪತ್ರಿಕೆಗೆ ಬಂತು. ವರ್ಷಕ್ಕೆ ನಾಲ್ಕು ಸಲ ಅಂಕಿಗಳ ಪದಬಂಧಗಳೇ ಬರುತ್ತವೆ. ಅವುಗಳ ಮುಂದೆ ನನ್ನದು ಏನೂ ಅಲ್ಲ. ಅಷ್ಟು ಕಷ್ಟದ್ದನ್ನು ಜನ ಖುಷಿಯಿಂದ ಬಿಡಿಸುತ್ತಾರೆ.

ನಾನು: ಅದೇ ನೋಡಿ. ಅವುಗಳ ಶುರುವಿನಲ್ಲೇ ‘ಯಾವ ಉತ್ತರವೂ ಸೊನ್ನೆಯಿಂದ ಶುರುವಾಗುವುದಿಲ್ಲ’ ಅಂತ ಬರೆದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಷ್ಟು ಪಳಗಿದವರಿಗೇ ಬಿಡಿಸಿ ಹೇಳುತ್ತಾರೆ. ನಮಗೆ ಹೇಳಬೇಡವಾ?

ಅತ್ತೆ: ನನ್ನ ತಕರಾರು ಬೇರೆ. ಸ್ಮಿತಾ, ಪ್ರೋಗ್ರಾಮ್ ಹಾಕಿ ಬಿಡಿಸಿದರೆ ಅದು ಬಿಡಿಸಿದ ಹಾಗಾ? ನಾನು ಪೆನ್ಸಿಲ್ ಹಿಡಿದು ಒಂದು ಗಂಟೆ ಕೂತಿದ್ದೆ.

ಸ್ಮಿತಾ: ಅತ್ತೆ, ನಾನು ಬಿಡಿಸಲು ಬರೆದಿದ್ದಲ್ಲ. ಉತ್ತರ ಒಂದೇನಾ ಅಂತ ನೋಡಲು ಬರೆದಿದ್ದು. ಆ ಕೆಲಸ ಕಟ್ಟುವವರೇ ಮಾಡಿ ಕಳಿಸಬೇಕಿತ್ತು.

ದೊಡ್ಡಪ್ಪ: ಕೈಯಲ್ಲೇ ನೋಡಿದ್ದೇನಮ್ಮ, ಎರಡೆರಡು ಸಲ. ಸೊನ್ನೆ ತಲೆಗೇ ಬರಲಿಲ್ಲ.

ನಾನು: ಅತ್ತೆ, ಪ್ರೋಗ್ರಾಮ್ ಬೇಕಾದವರು ಹಾಕಲಿ. ಅದಿಲ್ಲದೆ ಆಗುವುದೇ ಇಲ್ಲ ಅನ್ನುವ ಹಾಗೆ ಕಟ್ಟಬಾರದು ಅಷ್ಟೆ. ಹಿಂದೆ ಒಂದರಲ್ಲಿ ‘ಐದಂಕಿಯ ಅವಿಭಾಜ್ಯ ಸಂಖ್ಯೆ’ ಅಂತ ಸುಳಿವಿತ್ತು. ಅಂಥವು 8363 ಇವೆ. ಅಕ್ಕಪಕ್ಕದ ಉತ್ತರಗಳು ಎರಡೇ ಅಂಕಿ ಕೊಡುತ್ತಿದ್ದವು. ಪಟ್ಟಿ ತೆಗೆದು ಒಂದೊಂದೇ ಹಾಕಿ ನೋಡದೆ ಬೇರೆ ದಾರಿ ಇರಲಿಲ್ಲ. ಮೂರು ದಿನ ಕೂತೆ. ಕೊನೆಗೆ ಉತ್ತರ ಸಿಕ್ಕಿದಾಗ ಏನೂ ಅನಿಸಲಿಲ್ಲ, ಯಾಕೆಂದರೆ ನಾನು ಯೋಚನೆ ಮಾಡಿದ್ದೇ ಇಲ್ಲ, ಸುಮ್ನೆ ಹುಡುಕಿದ್ದೆ. ಅದನ್ನು ಅನ್ಯಾಯ ಅನ್ನುತ್ತೇನೆ. ದೊಡ್ಡಪ್ಪನದು ಹಾಗಲ್ಲ. 22 ವರ್ಗ, ಐದು ಘನ, ಕಾಗದದ ಅಂಚಿನಲ್ಲಿ ಬರೆದುಕೊಂಡರೆ ಮುಗಿಯಿತು. ಪ್ರತಿ ಹೆಜ್ಜೆಗೂ ಕಾರಣ ಸಿಗುತ್ತದೆ. ಅದಕ್ಕೇ ಆ ಒಂದು ಸಾಲು ಇಲ್ಲದ್ದು ನನಗೆ ಇಷ್ಟು ಬೇಜಾರು.

ದೊಡ್ಡಪ್ಪ: ಸರಿ, ಸೇರಿಸುತ್ತೇನೆ. ‘ಯಾವ ಉತ್ತರವೂ ಸೊನ್ನೆಯಿಂದ ಶುರುವಾಗುವುದಿಲ್ಲ.’ ಈಗ ಯಾರ ತಕರಾರೂ ಇಲ್ಲವಲ್ಲ? ಆದರೆ ಪ್ರೋಗ್ರಾಮ್ ವಿಷಯದಲ್ಲಿ ನಾನು ನನ್ನ ತಂಗಿ ಕಡೆ.

ಕಿರಣ: ಅಕ್ಕಾ, ಮುಂದೆ ಹೋದೆ. ಬಲಗಡೆ ಇಳಿಯುವುದು 5ರಲ್ಲಿ ಮುಗಿಯಬೇಕು. 225 ಅಥವಾ 625. 225 ಆದರೆ ಮೇಲಿನ ಸಾಲು 2ರಲ್ಲಿ ಮುಗಿಯುತ್ತದೆ. ವರ್ಗ ಹಾಗೆ ಮುಗಿಯಲ್ಲ. ಹಾಗಾಗಿ 625. ಮೇಲಿನ ಸಾಲು 6ರಲ್ಲಿ ಮುಗಿಯುವ ವರ್ಗ: 196, 256, 576, 676. ಎಡಗಡೆಯದು 1ರಲ್ಲಿ ಮುಗಿಯುವ ವರ್ಗ: 121, 361, 441, 841, 961. ಎರಡೂ ಒಂದೇ ಅಂಕಿಯಿಂದ ಶುರುವಾಗಬೇಕು. ಎರಡೂ ಪಟ್ಟಿಯಲ್ಲಿ ಇರುವುದು 1 ಒಂದೇ!

ಕಿರಣ: 196, 121, 625, 125. ಎಲ್ಲೂ ಒರೆಸಲಿಲ್ಲ. ದೊಡ್ಡಪ್ಪ, ಅನ್ಯಾಯ ಅಂದದ್ದು ವಾಪಸ್. ಸೊನ್ನೆಯದು ಮಾತ್ರ ವಾಪಸ್ ಇಲ್ಲ.