ನಮ್ಮನೆ ಗುಂಪಿನಲ್ಲಿ: ಆ ನ್ಯೂಜೆರ್ಸಿ ಮನೆ ತಗೊಳ್ಳಬೇಕಾ?

ತಮ್ಮ: ಎಲ್ಲರೂ ಈ ಲಿಂಕ್ ನೋಡಿ. ನ್ಯೂಜೆರ್ಸಿ, ನಾಲ್ಕು ಬೆಡ್‌ರೂಮು, ಹಿತ್ತಲಿದೆ, ರೈಲು ನೇರ ಮ್ಯಾನ್‌ಹಟನ್‌ಗೆ. ಕ್ಲೋಸಿಂಗ್ ಖರ್ಚಿಗೆ (ಮನೆ ನಮ್ಮ ಹೆಸರಿಗಾಗುವಾಗ ಕಟ್ಟುವ ಶುಲ್ಕಗಳಿಗೆ) ಬ್ಯಾಂಕಿನವರೇ 8 ಸಾವಿರ ಡಾಲರ್ ಕ್ರೆಡಿಟ್ ಕೊಡುತ್ತಾರಂತೆ. ಈ ವಾರವೇ ಆಫರ್ ಹಾಕೋಣ ಅಂತಿದ್ದೇವೆ.

ಚಿಕ್ಕಪ್ಪ: ಒಳ್ಳೆಯ ಸುದ್ದಿ ಕಣೋ! ಬಾಡಿಗೆ ಕಟ್ಟಿದ್ದು ಸಾಕು. ಬಾಡಿಗೆ ವರ್ಷಾ ವರ್ಷ ಏರುತ್ತದೆ, ಸಾಲದ ಕಂತು ಏರುವುದಿಲ್ಲ.

ನಾನು: ಬ್ಯಾಂಕು ಸುಮ್ನೆ ಕೊಡುವುದಿಲ್ಲ ಚಿಕ್ಕಪ್ಪ. ಪುಟ್ಟಾ, ಬಡ್ಡಿ ಎಷ್ಟು ಹೇಳಿದರು?

ತಮ್ಮ: ಕ್ರೆಡಿಟ್ ಬೇಡ ಅಂದರೆ ಶೇ 6.5, ತಗೊಂಡರೆ 7. ಸಾಲ 4 ಲಕ್ಷ ಡಾಲರ್, 30 ವರ್ಷ.

ನಾನು: ಹಾಗಾದರೆ ತಿಂಗಳ ಕಂತು 2,528 ಇದ್ದದ್ದು 2,661 ಆಗುತ್ತದೆ. 133 ಡಾಲರ್ ಜಾಸ್ತಿ. ಐದು ವರ್ಷಕ್ಕೆ ಆ 8 ಸಾವಿರ ನೀನೇ ವಾಪಸ್ ಕಟ್ಟಿರುತ್ತೀಯ. ಆಮೇಲೂ 25 ವರ್ಷ ಕಟ್ಟುತ್ತಲೇ ಇರಬೇಕು.

ತಮ್ಮ: ಬಡ್ಡಿ ಇಳಿದರೆ ರೀಫೈನಾನ್ಸ್ ಮಾಡಿಸುತ್ತೇನೆ ಅಕ್ಕಾ, ಕಡಿಮೆ ಬಡ್ಡಿಯ ಹೊಸ ಸಾಲ ತಗೊಂಡು ಇದನ್ನು ತೀರಿಸುತ್ತೇನೆ. ಎರಡು ವರ್ಷದಲ್ಲಿ ಇಳಿದರೆ ಕ್ರೆಡಿಟ್ ತಗೊಂಡದ್ದೇ ಲಾಭ ಅಲ್ವಾ?

ನಾನು: ಇಳಿದರೆ ಹೌದು, ಒಪ್ಪುತ್ತೇನೆ. ಇಳಿಯುತ್ತದೆ ಅಂತ ಬರೆದು ಕೊಟ್ಟವರು ಯಾರು? ರೀಫೈನಾನ್ಸಿಗೂ ಮತ್ತೆ ಕ್ಲೋಸಿಂಗ್ ಖರ್ಚಿದೆ.

ನಾದಿನಿ: ನಾವು ಬರೀ ಬ್ಯಾಂಕಿನ ಮಾತು ಕೇಳಿ ಹೊರಟಿಲ್ಲ ಅಕ್ಕಾ. ನ್ಯೂಯಾರ್ಕ್ ಸಿಟಿಯಲ್ಲಿ ಕೊಂಡರೆ ಮಾರ್ಟ್‌ಗೇಜ್ (ಮನೆ ಸಾಲದ) ನೋಂದಣಿ ತೆರಿಗೆಯೇ ಶೇ 1.8. ಈ ಸಾಲಕ್ಕೆ 7,200 ಡಾಲರ್. ನ್ಯೂಜೆರ್ಸಿಯಲ್ಲಿ ಆ ತೆರಿಗೆಯೇ ಇಲ್ಲ.

ನಾನು: ಅದು ನಿಜ, ದೊಡ್ಡ ಉಳಿತಾಯ. ಆದರೆ ಅದು ಒಂದು ಸಲದ ಮಾತು. ಪ್ರಾಪರ್ಟಿ ಟ್ಯಾಕ್ಸ್ ಪ್ರತಿ ವರ್ಷ ಬರುತ್ತದೆ. ನ್ಯೂಜೆರ್ಸಿಯ ಸರಾಸರಿ ಬಿಲ್ಲು 2024ರಲ್ಲಿ 10 ಸಾವಿರ ಡಾಲರ್ ದಾಟಿತು. ಒಂದು ವರ್ಷದ ಟ್ಯಾಕ್ಸ್ ಕಟ್ಟಲಿಕ್ಕೇ ಆ ಕ್ರೆಡಿಟ್ ಸಾಲದು. ಚಿಕ್ಕಪ್ಪ ಹೇಳಿದ ಹಾಗೆ ಕಂತು ಏರದಿರಬಹುದು, ಟ್ಯಾಕ್ಸ್ ಏರುತ್ತದೆ.

ನಾನು: ಇನ್ನೊಂದು. ಸ್ಟೇಷನ್ ಪಾರ್ಕಿಂಗ್ ಪರ್ಮಿಟ್ ಸಿಗುತ್ತದಾ ಅಂತ ಟೌನ್ ಆಫೀಸಿಗೆ ಫೋನ್ ಮಾಡಿ ಕೇಳು. ಆ ಕಡೆಯ ಎಷ್ಟೋ ಊರುಗಳಲ್ಲಿ ವರ್ಷಗಟ್ಟಲೆ ವೇಟಿಂಗ್ ಲಿಸ್ಟ್ ಇರುತ್ತದೆ. ಪರ್ಮಿಟ್ ಇಲ್ಲ ಅಂದರೆ ಬೆಳಿಗ್ಗೆ ಯಾರಾದರೂ ಬಿಡಬೇಕು, ಸಂಜೆ ಯಾರಾದರೂ ಹೋಗಿ ಕರಕೊಂಡು ಬರಬೇಕು. ರೈಲು ಅರ್ಧ ಗಂಟೆ ತಡವಾದ ದಿನ ಡೇಕೇರಿಗೆ ಹೋಗುವವರು ಯಾರು? ತಡವಾದರೆ ನಿಮಿಷದ ಲೆಕ್ಕದಲ್ಲಿ ದಂಡ ಹಾಕುವ ಡೇಕೇರುಗಳಿವೆ. ಮಗು ಶೂ, ಜಾಕೆಟ್ ಹಾಕಿಕೊಂಡು ಬಾಗಿಲ ಹತ್ತಿರ ಕೂತಿರುತ್ತದೆ, ಉಳಿದ ಮಕ್ಕಳೆಲ್ಲ ಹೋಗಿಯಾಗಿರುತ್ತದೆ.

ನಾದಿನಿ: ನನಗೂ ಇದೇ ಭಯ. ಇವರು ರೈಲಿನಲ್ಲಿದ್ದರೆ ದಿನಾ ಓಡಬೇಕಾದವಳು ನಾನೇ.

ತಮ್ಮ: ಇದನ್ನು ನೀನು ನನಗೆ ಹೇಳಲೇ ಇಲ್ಲ.

ಚಿಕ್ಕಪ್ಪ: ಅದು ಸರಿ. ಆದರೆ ಲೆಕ್ಕ ಹಾಕುತ್ತಾ ಕೂತರೆ ಮನೆ ಬೇರೆಯವರ ಪಾಲಾಗುತ್ತದೆ ಕಣಮ್ಮ.

ನಾನು: ಮನೆ ಬೇಡ ಅನ್ನುತ್ತಿಲ್ಲ ಚಿಕ್ಕಪ್ಪ. ಕ್ಲೋಸಿಂಗ್ ಕಡಿಮೆ ಅನ್ನುವುದೊಂದೇ ಕಾರಣಕ್ಕೆ ಬೇಡ. ಪುಟ್ಟಾ, ಇನ್ನೊಂದು ಬ್ಯಾಂಕಿನಿಂದಲೂ ಲೋನ್ ಎಸ್ಟಿಮೇಟ್ (ಸಾಲದ ಬಡ್ಡಿ, ಖರ್ಚುಗಳ ಅಂದಾಜು ಪತ್ರ) ತರಿಸು. ಅರ್ಜಿ ಹಾಕಿದ ಮೂರು ಕೆಲಸದ ದಿನದೊಳಗೆ ಅವರು ಕಳಿಸಲೇಬೇಕು, ಕಾನೂನೇ ಇದೆ. ಐದು ವರ್ಷಕ್ಕೆ ಒಟ್ಟು ಎಷ್ಟು ಕಟ್ಟುತ್ತೀಯ, ಅಸಲು ಎಷ್ಟು ತೀರುತ್ತದೆ ಅಂತ ಮೂರನೇ ಪುಟದಲ್ಲಿ ಇರುತ್ತದೆ. ಕ್ರೆಡಿಟ್ ಇರುವುದು, ಇಲ್ಲದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ತಮ್ಮ: ಸರಿ, ನಾಳೆಯೇ ಅರ್ಜಿ ಹಾಕುತ್ತೇನೆ. ಪಾರ್ಕಿಂಗ್ ವಿಷಯವನ್ನೂ ಕೇಳುತ್ತೇನೆ. ಆದರೆ ಈ ಮನೆ ನನಗೆ ತುಂಬಾ ಹಿಡಿಸಿದೆ ಅಕ್ಕಾ.

ನಾನು: ಗೊತ್ತು. ಆಫರ್ ಹಾಕುವ ಮೊದಲು ವಾರದ ದಿನ ಒಂದು ಸಲ ಆ ಸ್ಟೇಷನ್ನಿನಿಂದ ಬೆಳಿಗ್ಗೆಯ ರೈಲು ಹತ್ತಿ ಆಫೀಸಿಗೆ ಹೋಗಿ, ಸಂಜೆ ಅಲ್ಲಿಗೇ ವಾಪಸ್ ಬಾ. ಇಬ್ಬರೂ ಹೋಗಿ.