ಸೇಂಟ್ ಮೇರೀಸ್, ನೇತ್ರಾಣಿ ಎರಡೂ ಒಂದೇ ದಿನ ಆಗ್ತದಾ? ಸ್ನಾರ್ಕ್ಲಿಂಗ್ ಎಲ್ಲಿ ಮಾಡುವುದು?

ಬಿಜೈ_ಪ್ರಯಾಣಿ:
ಜನವರಿ ಕೊನೆಯ ವಾರ ಮಂಗಳೂರಿನಿಂದ ಕಾರಲ್ಲಿ ಹೊರಡ್ಲಿಕ್ಕುಂಟು. ನಾವಿಬ್ಬರು, 14 ಮತ್ತು 11 ವರ್ಷದ ಮಕ್ಕಳು, 66 ವರ್ಷದ ಅತ್ತೆ. ಬೆಳಿಗ್ಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ಅಲ್ಲೇ ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿ ತೇಲುತ್ತಾ ನೀರಿನೊಳಗೆ ನೋಡುವುದು), ಮಧ್ಯಾಹ್ನದ ಮೇಲೆ ಮುರುಡೇಶ್ವರ, ಸಾಧ್ಯವಾದರೆ ನೇತ್ರಾಣಿ ದ್ವೀಪವೂ ಅಂತ ಲೆಕ್ಕ ಹಾಕಿದ್ದೇವೆ. ಈಜು ಬರುವುದು ದೊಡ್ಡವನಿಗೆ ಮಾತ್ರ. ನನಗೆ ಮೈನಸ್ 3 ಕನ್ನಡಕ. ಅತ್ತೆಗೆ ಬಸ್ಸಲ್ಲೇ ವಾಂತಿ ಬರ್ತದೆ. ತಿಳಿದವರು ಹೇಳಿ.

ಅಳಿವೆ_ಬಾಗಿಲು:
ಎರಡೂ ಒಂದೇ ದಿನ ಆಗುವುದಿಲ್ಲ ಮಾರಾಯ್ರೆ. ಉಡುಪಿಯಿಂದ ಮುರುಡೇಶ್ವರಕ್ಕೇ ಸುಮಾರು 100 ಕಿ.ಮೀ. ಉಂಟು. ನೇತ್ರಾಣಿ ಅಲ್ಲಿಂದ ಮತ್ತೆ 19 ಕಿ.ಮೀ.ಯಷ್ಟು ಕಡಲೊಳಗೆ. ಅಲ್ಲಿಗೆ ಬೋಟ್ ಹೋಗುವುದು ಬೆಳಿಗ್ಗೆ, ನೀವು ಮುಟ್ಟುವಾಗ ಮಧ್ಯಾಹ್ನ ದಾಟಿರ್ತದೆ. ಹೊತ್ತೇರಿದ ಹಾಗೆ ನೆಲ ಕಾದು ಕಡಲ ಕಡೆಯಿಂದ ಗಾಳಿ ಏಳ್ತದೆ, ಬೆಳಿಗ್ಗೆ ಸಪಾಟಾಗಿದ್ದ ನೀರು ಸಂಜೆಗೆ ಕುಣಿಯಲು ಶುರು ಮಾಡ್ತದೆ.

ಸ್ನಾರ್ಕ್ಲಿಂಗ್‌ಗೋಸ್ಕರವೇ ಹೊರಡುವುದಾದರೆ ಮಲ್ಪೆ ಬೇಡ. ದ್ವೀಪ ದಡಕ್ಕೆ ಆರೇಳು ಕಿ.ಮೀ. ಹತ್ತಿರ. ಉತ್ತರಕ್ಕೆ ಕೋಡಿ ಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ಕೂಡಿ ಕಡಲು ಸೇರ್ತಾವೆ, ದಕ್ಷಿಣಕ್ಕೆ ಉದ್ಯಾವರ ಹೊಳೆಯ ಅಳಿವೆ. ಈ ಹೊಳೆಗಳ ಹೂಳು, ಆಳವಿಲ್ಲದ ಕಡೆ ಅಲೆ ಕದಡಿದ ಮರಳು ಎಲ್ಲ ಸೇರಿ ನೀರು ಮಂಕು. ಮಾಸ್ಕ್ ಹಾಕಿ ಮುಖ ಮುಳುಗಿಸಿದರೆ ಹೆಚ್ಚಿನ ದಿನ ಹಸಿರು ಮಬ್ಬು ಬಿಟ್ಟು ಬೇರೇನೂ ಕಾಣುವುದಿಲ್ಲ. ಬಂಡೆಗಳ ಮೇಲೆ ಪಾಚಿ, ಅದರಡಿ ಬ್ಲೇಡಿನಂಥ ಚಿಪ್ಪು. ಜಾರಿದರೆ ಮೊಣಕಾಲು ಸೀಳ್ತದೆ.

ಆದರೆ ಕಲ್ಲು ನೋಡ್ಲಿಕ್ಕೆ ಆ ದ್ವೀಪಕ್ಕೆ ಹೋಗಲೇಬೇಕು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತಾ ಕುಗ್ಗಿ ಬಿರುಕು ಬಿಟ್ಟಾಗ ಐದು, ಆರು, ಏಳು ಮೂಲೆಯ ಕಂಬಗಳಾದವು. ಎಲ್ಲರೂ ಬಸಾಲ್ಟ್ ಅನ್ನುವ ಕಪ್ಪು ಲಾವಾ ಕಲ್ಲು ಅಂತಾರೆ. ಆದರೆ ಇದರಲ್ಲಿ ಸಿಲಿಕಾ ಜಾಸ್ತಿ, ರಯೋಲೈಟ್ ಅನ್ನುವ ಬೇರೆ ಜಾತಿಯ ಲಾವಾ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಮಕ್ಕಳ ಹತ್ತಿರ ಒಂದೊಂದು ಕಂಬದ ಮೂಲೆ ಎಣಿಸಲು ಹೇಳಿ, ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಶಿರೂರು_ಗಡಿ:
ಮೇಲಿನವರು ಹೇಳಿದ್ದು ಸರಿ, ಎರಡು ದಿನ ಇಟ್ಟುಕೊಳ್ಳಿ. ನೇತ್ರಾಣಿಯ ಹಿಂದಿನ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಮಂಗಳೂರಿನಿಂದ ಮೂರು ಗಂಟೆಗೂ ಮಿಕ್ಕಿದ ದಾರಿ, ನಿದ್ದೆಗೆಟ್ಟು ಬೋಟ್ ಹತ್ತಿದವರಿಗೇ ಮೊದಲು ತಲೆ ತಿರುಗುವುದು.

ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ. ನೀರಿಗಿಳಿದ ಎಷ್ಟು ಮಂದಿಗೆ ಒಬ್ಬ ಗೈಡ್? ಮಕ್ಕಳ ಅಳತೆಯ ಲೈಫ್ ಜಾಕೆಟ್ ಉಂಟಾ? ಕಡಲು ಸರಿ ಇಲ್ಲದೆ ಟ್ರಿಪ್ ರದ್ದಾದರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ನೇತ್ರಾಣಿಯಲ್ಲಿ ದ್ವೀಪಕ್ಕೆ ಹತ್ತಿಸುವುದಿಲ್ಲ, ಬೋಟಿನಿಂದಲೇ ನೀರಿಗೆ ಇಳಿಯುವುದು, ಕಾಲಿಗೆ ನೆಲ ಸಿಗುವುದಿಲ್ಲ. ಜಾಕೆಟ್ ಹಾಕಿ, ಗೈಡ್ ಹಿಡಿದ ತೇಲುವ ರಿಂಗಿಗೆ ಕೈಕೊಟ್ಟರೆ ಈಜು ಬಾರದವರೂ ಗಿಳಿಮೀನು, ಚಿಟ್ಟೆಮೀನು ನೋಡಬಹುದು. ಮಕ್ಕಳ ಜಾಕೆಟಿನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂತಾದರೆ ಅಳತೆ ದೊಡ್ಡದಾಯ್ತು, ಬೇರೆ ಕೇಳಿ.

ಹೆಚ್ಚಿನವರ ದಿನ ಹಾಳಾಗುವುದು ಮಾಸ್ಕಿನಿಂದ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಲ್ಲಿ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಆ ಮಾಸ್ಕ್ ನಿಮ್ಮದು. ಅಂಚಿನ ಕೆಳಗೆ ಒಂದೆಳೆ ಕೂದಲು ಸಿಕ್ಕಿಕೊಂಡರೂ ನೀರು ಬರ್ತದೆ, ದಪ್ಪ ಮೀಸೆಯಿದ್ದರೂ ಹಾಗೇ. ಆಗ ಪಟ್ಟಿ ಬಿಗಿ ಮಾಡಬೇಡಿ, ಅಂಚು ಮಡಚಿಕೊಂಡು ಇನ್ನೂ ಸೋರ್ತದೆ. ಗಾಜು ಮಬ್ಬಾಗುವುದು ಮೂಗಲ್ಲಿ ಉಸಿರು ಬಿಡುವುದರಿಂದ. ಒಳಗೆ ಉಗುಳು ಸವರಿ, ಕಡಲ ನೀರಲ್ಲಿ ಒಮ್ಮೆ ತೊಳೆದು ಹಾಕಿ, ಉಸಿರಾಟ ಪೂರ್ತಿ ಬಾಯಿಯಲ್ಲೇ ಇರಲಿ. ಕೊಳವೆಗೆ ನೀರು ನುಗ್ಗಿದರೆ 'ಥೂ' ಅಂತ ಒಂದೇ ಸಲ ಜೋರಾಗಿ ಊದಿ, ಮುಂದಿನ ಉಸಿರು ನಿಧಾನಕ್ಕೆ ಎಳೆಯಿರಿ.

ಕನ್ನಡಕ ಮಾಸ್ಕಿನೊಳಗೆ ನಡೆಯುವುದಿಲ್ಲ, ಅದರ ಕಡ್ಡಿ ಅಂಚನ್ನು ಎತ್ತಿ ಹಿಡಿಯುತ್ತದೆ. ಪವರ್ ಲೆನ್ಸಿನ ಮಾಸ್ಕ್ ಉಂಟಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ನೀರಿನಲ್ಲಿ ಎಲ್ಲವೂ ಸ್ವಲ್ಪ ದೊಡ್ಡದಾಗಿ, ಹತ್ತಿರದಲ್ಲಿ ಕಾಣುವುದರಿಂದ ಮೈನಸ್ 2.5 ಸಿಕ್ಕಿದರೂ ನಿಮಗೆ ನಡೀತದೆ.

ಕಾಪು_ದೀಪ:
ಅತ್ತೆಯವರನ್ನು ನೇತ್ರಾಣಿಗೆ ಕರಕೊಂಡು ಹೋಗಬೇಡಿ. ಹೋಗ್ಲಿಕ್ಕೇ ಒಂದು ಗಂಟೆಗೆ ಮೇಲೆ, ಮತ್ತೆ ನೀವು ನೀರಲ್ಲಿರುವಷ್ಟು ಹೊತ್ತು ನಿಂತ ಬೋಟ್ ತೂಗಾಡ್ತಾ ಇರ್ತದೆ. ಓಡುವ ಬೋಟಿಗಿಂತ ಲಂಗರು ಹಾಕಿದ ಬೋಟಿನಲ್ಲೇ ವಾಂತಿ ಜಾಸ್ತಿ. ಮುರುಡೇಶ್ವರದಲ್ಲಿ ದೇವಸ್ಥಾನ ಉಂಟು, 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಉಂಟು, ಮೇಲಿಂದ 123 ಅಡಿಯ ಶಿವನನ್ನೂ ಕಡಲನ್ನೂ ಒಟ್ಟಿಗೆ ನೋಡಬಹುದು. ಜೊತೆಗೆ ಒಬ್ಬರು ದೊಡ್ಡವರು ನಿಂತರಾಯ್ತು.

ಸೇಂಟ್ ಮೇರೀಸ್ ಅವರಿಗೆ ಕಷ್ಟವಿಲ್ಲ, ಅರ್ಧ ಗಂಟೆಯ ದಾರಿ. ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ದಾಟಿಸಿ, ಮೊಣಕಾಲು ನೀರಿಗೆ ಇಳಿಸುವುದೂ ಉಂಟು. ಸೀರೆ ಬೇಡ, ಹಿಂದೆ ಪಟ್ಟಿಯಿರುವ ಚಪ್ಪಲಿ ಇರಲಿ. ವಾರದ ದಿನ ಜನ ತುಂಬುವವರೆಗೆ ಬೋಟ್ ಕಾಯ್ತದೆ, ಅದಕ್ಕೂ ಸಮಯ ಬಿಡಿ. ವಾಪಸು ಬರುವಾಗ ಕಾಪು ದೀಪಸ್ತಂಭ ನೋಡಿ. 1901ರದ್ದು, ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ.

ಬಿಜೈ_ಪ್ರಯಾಣಿ:
ತುಂಬಾ ಉಪಕಾರ ಆಯ್ತು. ಎರಡು ದಿನ ಮಾಡ್ತೇವೆ, ನೇತ್ರಾಣಿ ದಿನ ಅತ್ತೆ ಮತ್ತು ನನ್ನ ಹೆಂಡತಿ ಮುರುಡೇಶ್ವರದಲ್ಲೇ. ಮಕ್ಕಳಿಗೆ ಬೆಳಿಗ್ಗೆ ಏನು ಕೊಡುವುದು? ವಾಂತಿ ಮಾತ್ರೆ ಯಾವಾಗ?

ಶಿರೂರು_ಗಡಿ:
ಬೋಟಿಗೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಸಾಕು. ಎಣ್ಣೆಯಲ್ಲಿ ಕರಿದ ಗೋಳಿಬಜೆ, ಬನ್ಸ್ ಬೇಡ, ಹಾಲೂ ಬೇಡ. ಖಾಲಿ ಹೊಟ್ಟೆಯೂ ಬೇಡ, ಅದರಲ್ಲೂ ಓಕರಿಕೆ ಬರ್ತದೆ. ಮಾತ್ರೆ ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರ್ತದೆ. ಚಿಕ್ಕವನಿಗೆ ಎಷ್ಟು ಕೊಡುವುದು ಅಂತ ಡಾಕ್ಟರರ ಹತ್ತಿರ ಕೇಳಿ, ಕೆಲವು ಮಾತ್ರೆ ತುಂಬಾ ನಿದ್ದೆ ಬರಿಸ್ತಾವೆ. ಕೂರುವುದು ಬೋಟಿನ ನಡುವೆ, ಸ್ವಲ್ಪ ಹಿಂದಕ್ಕೆ, ಆದರೆ ಎಂಜಿನ್ ಹೊಗೆ ಬಡಿಯದ ಕಡೆ. ಮೊಬೈಲ್ ನೋಡ್ಲಿಕ್ಕೆ ಬಿಡಬೇಡಿ, ದೂರದ ಕಡಲ ಗೆರೆ ನೋಡ್ತಾ ಇರಲಿ. ಮಕ್ಕಳಿಗೆ ತುಂಬು ತೋಳಿನ ಈಜು ಅಂಗಿ ಹಾಕಿಸಿ. ನೀರಲ್ಲಿ ಮುಖ ಕೆಳಗೆ ಮಾಡಿ ತೇಲುವಾಗ ಬೆನ್ನು, ಮೊಣಕಾಲ ಹಿಂಭಾಗ ಸುಡುವುದು ಸಂಜೆಯವರೆಗೆ ಗೊತ್ತಾಗುವುದಿಲ್ಲ.