ಸೈಕಲ್ಲಿನ ಕಾಟರ್ ಪಿನ್: ಬೆಣೆಯೋ, ಕಡಾಣಿಯೋ?

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನ ಹಳೇ ಸೈಕಲ್ ಕಂಪನಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದ ರ‍್ಯಾಲಿ, ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್), ಹರ್ಕ್ಯುಲಿಸ್ ಎಲ್ಲ ಅದರಲ್ಲಿ ಬರುತ್ತವೆ. ಚೈನು, ರಿಮ್ಮು, ಫ್ರೀವೀಲು ಎಲ್ಲವನ್ನೂ ಅಂಗಡಿಯಲ್ಲಿ ಹೇಳುವ ಹಾಗೇ ಬರೆದುಕೊಂಡೆ. ತಡವರಿಸಿದ್ದು ಪೆಡಲ್ ಕೂರುವ ಕ್ರ್ಯಾಂಕನ್ನು ಬಿಗಿಯಾಗಿ ಹಿಡಿಯುವ ಕಾಟರ್ ಪಿನ್ ಹತ್ತಿರ. ಈಗಿನ ಬಹುಪಾಲು ಹೊಸ ಸೈಕಲ್ಲುಗಳಲ್ಲಿ ಅದು ಇಲ್ಲ. ಹುಡುಗರಿಗೆ ಹೆಸರು ಕೇಳಿದರೆ ಏನೂ ಹೊಳೆಯುವುದಿಲ್ಲ. ಕೆಲಸ ಏನೆಂದು ತಿಳಿಸುವ ಕನ್ನಡ ಪದ ಜೊತೆಗಿರಲಿ ಅಂತ ಆಸೆ.

ಒಂದು ಅನುವಾದದಲ್ಲಿ ಇದಕ್ಕೆ 'ಕಡಾಣಿ' ಅಂತ ಹಾಕಿದ್ದನ್ನು ನೋಡಿದೆ. ನನಗೆ ಅದು ಒಪ್ಪಲಿಲ್ಲ. ನಮ್ಮ ತಾತನ ಹರ್ಕ್ಯುಲಿಸ್‌ನಿಂದ ಬಿಚ್ಚಿದ ಪಿನ್ನು ಈಗ ನನ್ನ ಮೇಜಿನ ಮೇಲಿದೆ. ಕಿರುಬೆರಳಿಗಿಂತ ಚಿಕ್ಕದು, ದಪ್ಪ 9.5 ಮಿಲಿಮೀಟರ್. ಒಂದು ಮಗ್ಗುಲನ್ನು ಓರೆಯಾಗಿ ಚಪ್ಪಟೆ ಮಾಡಿದ್ದಾರೆ. ಸಣ್ಣ ತುದಿಯಲ್ಲಿ ನಟ್ಟು. ಪೆಡಲ್ ಕೂರುವ ಕ್ರ್ಯಾಂಕಿಗೂ ಒಳಗಿನ ಆಕ್ಸಲ್‌ಗೂ ನಡುವೆ ಇದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು. ಆಮೇಲೆ ನಟ್ಟು ಬಿಗಿ ಮಾಡಬೇಕು. ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿಯಾಗಿ ಆನಿಕೆ ಕೊಡಲೇಬೇಕು, ಇಲ್ಲದಿದ್ದರೆ ಪೆಟ್ಟೆಲ್ಲ ಬೇರಿಂಗಿಗೆ ಹೋಗುತ್ತದೆ. ಸರಿಯಾಗಿ ಕೂರದಿದ್ದರೆ ಪ್ರತಿ ಸುತ್ತಿಗೂ ಕಾಲಿನಡಿ 'ಟಕ್' ಅನ್ನುತ್ತದೆ, ಹಳೇ ಸೈಕಲ್ ತುಳಿದವರಿಗೆ ನೆನಪಿರುತ್ತದೆ ಅಲ್ವಾ?

ಅಂದರೆ ಇದು ಇಕ್ಕಟ್ಟಿನಲ್ಲಿ ಕೂತು ಬಿಗಿ ಕೊಡುವ ವಸ್ತು. ಗುದ್ದಲಿ ಕಾವು ಅಲುಗಾಡಿದರೆ ನಾವು ಹೊಡೆಯುವುದೂ ಅದನ್ನೇ, ಬೆಣೆ. ಕಡಾಣಿಯ ಕೆಲಸ ಬೇರೆ. ಅದು ಅಚ್ಚಿನ ತುದಿಯಲ್ಲಿ ನಿಂತು ಗಾಡಿಯ ಚಕ್ರ ಕಳಚದಂತೆ ತಡೆಯುತ್ತದೆ, ಬಿಗಿ ಕೊಡುವುದಿಲ್ಲ.

ಗೊಂದಲ ಅಮೆರಿಕದ ಇಂಗ್ಲಿಷಿನಿಂದ ಬಂದಿರಬೇಕು ಅನ್ನಿಸುತ್ತದೆ. ಅಲ್ಲಿ ಕಾಟರ್ ಪಿನ್ ಅಂದರೆ ತೂರಿಸಿ ಎರಡು ಕಾಲನ್ನೂ ಅಗಲಿಸುವ ತಂತಿಯ ಪಿನ್ನು. ಬ್ರಿಟಿಷರು ಅದನ್ನು ಸ್ಪ್ಲಿಟ್ ಪಿನ್ ಅನ್ನುತ್ತಾರೆ. ಅದಕ್ಕಾದರೆ ಕಡಾಣಿ ಚೆನ್ನಾಗಿ ಒಪ್ಪುತ್ತದೆ. ಆದರೆ ಬರ್ಮಿಂಗ್‌ಹ್ಯಾಮ್ ಸೈಕಲ್ಲಿನ ಮಾತಾಡುವಾಗ ಅಲ್ಲಿಯವರ ಅರ್ಥವನ್ನೇ ಹಿಡಿಯಬೇಕು.

ಇನ್ನೊಂದು ಸಣ್ಣ ಪ್ರಶ್ನೆ. ಬಿಎಸ್‌ಎ 1861ರಲ್ಲಿ ಬಂದೂಕು ತಯಾರಕರು ಸೇರಿ ಕಟ್ಟಿದ ಕಂಪನಿ. ಮೂರು ಬಂದೂಕು ಅದರ ಗುರುತು. ಕ್ರ್ಯಾಂಕಿನ ಆಕ್ಸಲ್ ಕೂರುವ ಬಟ್ಟಲಿನಂಥ ಕಪ್ಪಿಗೆ ಇಂಚಿಗೆ 24 ಸುತ್ತಿನ ಥ್ರೆಡ್ ಇದ್ದರೆ ಈಗಲೂ 'ಬಿಎಸ್‌ಎ ಥ್ರೆಡ್' ಅನ್ನುತ್ತಾರೆ, ಸೈಕಲ್ ಯಾವ ಕಂಪನಿಯದಾದರೂ ಸರಿ. ರ‍್ಯಾಲಿಯವರು ಮಾತ್ರ 26 ಸುತ್ತಿನ ತಮ್ಮದೇ ಅಳತೆ ಇಟ್ಟುಕೊಂಡಿದ್ದರು. 'ಬಿಎಸ್‌ಎ ಥ್ರೆಡ್' ಅನ್ನುವ ಹೆಸರನ್ನು ಅನುವಾದ ಮಾಡದೆ ಹಾಗೇ ಬಿಡುವುದು ಸರಿ ಅಂದುಕೊಂಡಿದ್ದೇನೆ. ಬಿಡಿಸಿ ಬರೆದರೆ ಅಳತೆಯ ಹೆಸರು ಹೋಗಿ ಬರೀ ಕಂಪನಿಯ ಹೆಸರು ಉಳಿಯುತ್ತದೆ.

ನಿಮ್ಮ ಕಡೆ ಬಡಗಿಗಳು, ಕಮ್ಮಾರರು ಕಬ್ಬಿಣದ್ದಕ್ಕೂ ಬೆಣೆ ಅನ್ನುತ್ತಾರೆಯೇ, ಇಲ್ಲ ಮರದ್ದಕ್ಕೆ ಮಾತ್ರವೇ? ಕೆಲವು ಕಡೆ ಬೆಣೆ ಅಂದರೆ ಬಾಟಲಿಯ ಬಿರಡೆ ಅಂತಲೂ ಅರ್ಥವಿದೆ. ಹಾಗಾಗಿ 'ಕ್ರ್ಯಾಂಕ್ ಬೆಣೆ' ಅಂತ ಬರೆಯೋಣ ಅಂದುಕೊಂಡಿದ್ದೇನೆ. ಸೈಕಲ್ ರಿಪೇರಿ ಮಾಡುವವರು ಯಾರಾದರೂ ಪರಿಚಯವಿದ್ದರೆ ದಯವಿಟ್ಟು ಕೇಳಿ ತಿಳಿಸಿ.